ಅಪ್‌ಡೇಟ್: ಹೆಂಡತಿಯ ವಾಂತಿ ಈಗ ಹೇಗಿದೆ

ಗರ್ಭಿಣಿ ಹೆಂಡತಿಗೆ ಎಂಟನೇ ವಾರದಲ್ಲಿ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ನಾನೇನು ಮಾಡಲಿ ಅಂತ ಕೇಳಿದ್ದೆ. ಈಗ 14ನೇ ವಾರ. ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಅಂದವರಿಗೆ ಮೊದಲು ಥ್ಯಾಂಕ್ಸ್. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ (ಊಟ ಸಾಲದೆ ದೇಹ ಕೊಬ್ಬು ಕರಗಿಸುವಾಗ ಬರುವ ಅಂಶ) ಕಂಡಿತು, ಒಂದು ದಿನ ಡ್ರಿಪ್ ಹಾಕಿದರು, ಆಮೇಲೆ ವಾಂತಿ ಕಡಿಮೆ ಮಾಡಲು ಡಾಕ್ಸಿಲಮೀನ್ ಮತ್ತು ವಿಟಮಿನ್ ಬಿ6 ಇರುವ ಮಾತ್ರೆ ಕೊಟ್ಟರು. ವಾಂತಿ ಪೂರ್ತಿ ನಿಲ್ಲಲಿಲ್ಲ, ಆದರೆ ಕುಡಿದ ನೀರು ಉಳಿಯತೊಡಗಿತು.

ಬಸುರಿಯರ ಈ ತೊಂದರೆಗೆ 'ಬೆಳಗಿನ' ವಾಂತಿ ಅಂತ ಹೆಸರಿಟ್ಟವರು ಯಾರೋ! ಇವಳಿಗೆ ಜೋರಾಗುತ್ತಿದ್ದದ್ದು ಸಂಜೆ ಏಳಕ್ಕೆ. ವಾಸನೆಯೇ ದೊಡ್ಡ ಶತ್ರು. ನನ್ನ ಶೇವಿಂಗ್ ಕ್ರೀಮ್‌ಗೂ ಓಕರಿಕೆ ಬರುತ್ತಿತ್ತು, ಹಾಗಾಗಿ ಗಡ್ಡ ಬಿಟ್ಟೆ. ಹಾಸಿಗೆ ಪಕ್ಕ ಒಣ ಬಿಸ್ಕತ್ತು ಇಡೋದು, 'ಸ್ವಲ್ಪ ತಿನ್ನು' ಅಂತ ಪೀಡಿಸದೆ ಬಕೆಟ್ ತೊಳೆಯೋದು, ನನ್ನ ಪಾಲಿನ ಕೆಲಸ ಇಷ್ಟೇ ಇತ್ತು.

ನಿನ್ನೆ ರಾತ್ರಿ ಅವಳೇ 'ಹಸಿವಾಗ್ತಿದೆ' ಅಂದಳು. ಗಡ್ಡ ಮಾತ್ರ ಇನ್ನೂ ತೆಗೆದಿಲ್ಲ.