ನೈಟ್ ಡ್ಯೂಟಿ ಮುಗಿದರೂ ವಾರ್ಡ್ ಗ್ರೂಪ್ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಸ್ಟಾಫ್ ನರ್ಸ್, ಐಸಿಯು): ಮೇಡಂ, ನಮಸ್ಕಾರ. ನೈಟ್ ಮುಗಿಸಿ ರೂಮಿಗೆ ಬಂದು ಮಲಗಿದರೆ ವಾರ್ಡಿನ ವಾಟ್ಸಾಪ್ ಗ್ರೂಪ್ ಶುರುವಾಗುತ್ತದೆ. "ಬೆಡ್ 6ರ ಐಒ ಚಾರ್ಟ್ ಯಾರು ಬರೆದಿದ್ದು?" ಅಂತ (ಪೇಷಂಟ್ ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ ಅದು) ಇನ್‌ಚಾರ್ಜ್ ಸಿಸ್ಟರ್ ಫೋಟೋ ಸಮೇತ ಹಾಕುತ್ತಾರೆ, ಕೆಳಗೆ ಎಲ್ಲರದ್ದೂ ಥಂಬ್ಸ್ ಅಪ್. ಆಮೇಲೆ ನಿದ್ದೆ ಎಲ್ಲಿ ಬರುತ್ತೆ? ಸುಮ್ನೆ ರೀಲ್ಸ್ ನೋಡುತ್ತಾ ಮಧ್ಯಾಹ್ನ ಆಗಿಬಿಡುತ್ತದೆ. ಈಗೀಗ ಪೇಷಂಟ್ ಕಡೆಯವರು ಏನು ಕೇಳಿದರೂ ಸಿಡುಕುತ್ತೇನೆ. ಇದು ಬರ್ನ್‌ಔಟಾ, ಡಿಪ್ರೆಶನ್ನಾ, ಇಲ್ಲ ಅಮ್ಮ ಹೇಳುವ ಹಾಗೆ ಮೊಬೈಲ್ ಹುಚ್ಚಾ?

ಉತ್ತರ (ಮನೋವೈದ್ಯೆ): ಸಿಸ್ಟರ್, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಇದೆ. ಆದರೆ ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಿಂದ ಬರುವ ತೊಂದರೆ ಅಂತ. ಸುಸ್ತು, ಕೆಲಸದ ಮೇಲೆ ತಾತ್ಸಾರ, ನನ್ನ ಕೈಲಿ ಆಗಲ್ಲ ಅನ್ನಿಸುವುದು, ಈ ಮೂರು ಅದರ ಗುರುತು. ನಿಮ್ಮ ಸಿಡುಕು ಎರಡನೆಯದಿರಬಹುದು, ಬರೀ ನಿದ್ದೆಗೇಡಿನದ್ದೂ ಇರಬಹುದು. ರಜೆ ಹಾಕಿ ಊರಿಗೆ ಹೋದಾಗ ಮನಸ್ಸು ಹಗುರ ಆಗುತ್ತದಾ ನೋಡಿ. ಅಲ್ಲೂ ಊಟ, ಮಾತು ಯಾವುದೂ ಬೇಡ ಅನ್ನಿಸಿ ಎರಡು ವಾರ ಕಳೆದರೆ ಡಿಪ್ರೆಶನ್ ಇದೆಯಾ ಅಂತ ತೋರಿಸಿಕೊಳ್ಳಲೇಬೇಕು. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿಗಾದರೂ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ರೀಲ್ಸ್‌ಗೆ ನಿಮ್ಮನ್ನು ಬೈಯಲ್ಲ. ರಾತ್ರಿಯೆಲ್ಲ ಬೇರೆಯವರ ಕರೆಗಂಟೆಗೆ ಓಡಿದವರಿಗೆ ಬೆಳಗಿನ ಆ ಒಂದು ಗಂಟೆ ಮಾತ್ರ ನನ್ನದು ಅನ್ನಿಸುತ್ತದೆ, ಅಲ್ವಾ? ಆದರೆ ಫೋನ್ ಕೈಗೆ ತರಿಸುತ್ತಿರುವುದು ಆ ಗ್ರೂಪ್. ಅದನ್ನಷ್ಟೇ ಮ್ಯೂಟ್ ಮಾಡಿ, ಕಾಲ್ ಬರುವ ಹಾಗಿರಲಿ, "ಅರ್ಜೆಂಟ್ ಇದ್ದರೆ ಫೋನ್ ಮಾಡಿ ಸಿಸ್ಟರ್" ಅಂತ ಇನ್‌ಚಾರ್ಜ್‌ಗೆ ಮೊದಲೇ ಹೇಳಿ. ಮುಂದಿನ ಶಿಫ್ಟಿನವರಿಗೆ ಕೊಡುವ ಹ್ಯಾಂಡೋವರ್ ಅನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ಮುಗಿಸದೆ ಬೆಡ್ ಪಕ್ಕ ಹೋಗಿ ಚಾರ್ಟ್, ಔಷಧಿ ಪಂಪ್ ಇಬ್ಬರೂ ನೋಡಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಇನ್ನು, ಎಲ್ಲರೆದುರು ಫೋಟೋ ಹಾಕಿ ಮಾನ ಕಳೆಯುವುದು ಕಲಿಸುವ ರೀತಿಯೇ ಅಲ್ಲ. ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ.

ಪಿಜಿ ವಿದ್ಯಾರ್ಥಿ (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್): ಮೇಡಂ, ನಮಗೆ 36 ಗಂಟೆ ಒಂದೇ ಸಮ ಡ್ಯೂಟಿ. ಬೇಜಾರಾಗಿ ವಾರ್ಡಿಂದ ಇನ್‌ಸ್ಟಾದಲ್ಲಿ ಒಂದು ಸ್ಟೋರಿ ಹಾಕಿದ್ದಕ್ಕೆ ಮೆಮೊ ಬಂತು!

ಉತ್ತರ: ಕೇಂದ್ರದ 1992ರ ರೆಸಿಡೆನ್ಸಿ (ನಿಮ್ಮಂಥ ರೆಸಿಡೆಂಟ್ ಡಾಕ್ಟರ್‌ಗಳ ಡ್ಯೂಟಿ) ನಿಯಮದಲ್ಲೇ ವಾರಕ್ಕೆ 48 ಗಂಟೆ ಅಂತಿದೆ. 2023ರ ಪಿಜಿ ನಿಯಮ "ಸಮಂಜಸ" ಹೊತ್ತು ಅಂದು ಸುಮ್ಮನಾಯಿತು (ಸಮಂಜಸ ಯಾರಿಗೆ?). 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ಬಂದ ಹೊತ್ತು, ಹೋದ ಹೊತ್ತು ಬರೆದಿಡಿ, ಎಲ್ಲರ ಲೆಕ್ಕ ಸೇರಿಸಿ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಕೊಡಿ. ಸ್ಟೋರಿ ಮಾತ್ರ ಬೇಡಪ್ಪ. 2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ ರೀಲ್ಸ್‌ಗಾಗಿ 38 ವಿದ್ಯಾರ್ಥಿಗಳ ಮೇಲೆ ಕ್ರಮ ಆಯಿತು. ನಿಮ್ಮ ಮುಖದ ಹಿಂದೆ ಮಾನಿಟರ್, ಅದರಲ್ಲಿ ಪೇಷಂಟ್ ಹೆಸರು ಕಂಡರೆ ಮುಗಿಯಿತು, ನಿಮ್ಮ 36 ಗಂಟೆಯ ಮಾತನ್ನು ಯಾರೂ ಕೇಳಲ್ಲ.

ಸ್ಟಾಫ್ ನರ್ಸ್: ಮೇಡಂ, ಮ್ಯೂಟ್ ಮಾಡಿದ ಮೇಲೆ "ಮೆಸೇಜ್ ಯಾಕೆ ನೋಡಿಲ್ಲ" ಅಂತ ಕೇಳಿದರೆ?

ಉತ್ತರ: ನೈಟ್ ಮುಗಿಸಿ ಮಲಗಿದ್ದೆ ಅನ್ನಿ. ಸುಳ್ಳೇನಲ್ಲವಲ್ಲ!