ಕ್ರೂಸರ್ ಕೊಳ್ಳುವ ಮುಂಚೆ ಕಾಲು ಎಲ್ಲಿಗೆ ಬರುತ್ತದೆ ನೋಡು

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಕ್ರೂಸರ್ ಬೈಕ್ (ತಗ್ಗಿ ಕೂತು ಆರಾಮಾಗಿ ಓಡಿಸುವ ಥರದ್ದು) ತಗೋಬೇಕು, ಬಾಬರ್, ಬ್ಯಾಗರ್ ಅಂತ ಏನೇನೋ ಹೆಸರು, ನೋಡಿದರೆ ಎಲ್ಲಾ ಒಂದೇ ಥರ ಇವೆ ಅಂದಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿಸಿಕೋ.

ಹೆಸರು ಆಮೇಲೆ. ಮೊದಲು ಕಾಲು ಎಲ್ಲಿ ಇಡುತ್ತೀಯ ಅನ್ನುವುದನ್ನು ನೋಡು. ಫುಟ್‌ಪೆಗ್ ಮುಂದಿನ ಚಕ್ರದ ಕಡೆಗಿದ್ದರೆ ಫಾರ್ವರ್ಡ್ ಕಂಟ್ರೋಲ್. ಹೆಚ್ಚುಕಡಿಮೆ ಮಂಡಿಯ ಕೆಳಗೇ ಇದ್ದರೆ ಮಿಡ್ ಕಂಟ್ರೋಲ್. ಕಾಲು ಚಾಚಿ ಕೂತರೆ ಫೋಟೋದಲ್ಲಿ ರಾಜನ ಹಾಗೆ ಕಾಣುತ್ತೀಯ, ನಿಜ. ಆದರೆ ಮೈಭಾರವೆಲ್ಲಾ ಸೊಂಟದ ಮೇಲೆ. ಗುಂಡಿ ಬಂದಾಗ ಪೆಗ್ ಮೇಲೆ ಭಾರ ಹಾಕಿ ಚೂರು ಏಳೋಣ ಅಂದರೆ ಆಗುವುದಿಲ್ಲ. ಸೀಟು ತಗ್ಗಿಸಲು ಹಿಂದಿನ ಸಸ್ಪೆನ್ಷನ್ನೂ ಗಿಡ್ಡ ಮಾಡಿರುತ್ತಾರೆ, ಏಟು ನೇರ ಬೆನ್ನುಮೂಳೆಗೇ. ನಿನಗೆ ಮೊದಲೇ ಬೆನ್ನು ನೋವು, ಅಲ್ವಾ? ಅದಕ್ಕೇ ಹೇಳಿದ್ದು.

ಈಗ ವಿಧಗಳು. ಮೂಲ ಕ್ರೂಸರ್ ಅಂದರೆ ಹಾರ್ಲೆ, ಇಂಡಿಯನ್ (ಇದೂ ಅಮೆರಿಕದ ಕಂಪನಿಯ ಹೆಸರೇ) ಬೈಕುಗಳ ಅಮೆರಿಕನ್ ಅಚ್ಚು. ತಗ್ಗಿದ ಸೀಟು, ಅಗಲ ಹ್ಯಾಂಡಲ್, ವಿ-ಟ್ವಿನ್ ಎಂಜಿನ್, ಅಂದರೆ ಎರಡು ಸಿಲಿಂಡರ್ V ಆಕಾರದಲ್ಲಿ. ಹಾರ್ಲೆಯ ಆ ಕುಂಟು ಸದ್ದು ಇದೆಯಲ್ಲ, ಅದು ಬರೀ ಸೈಲೆನ್ಸರ್ ಕರಾಮತ್ತಲ್ಲ. ಎರಡು ಸಿಲಿಂಡರ್ ನಡುವೆ 45 ಡಿಗ್ರಿ ಕೋನ, ಎರಡೂ ಪಿಸ್ಟನ್ ಎಂಜಿನ್ನಿನ ತಿರುಗುವ ದಂಡದ (ಕ್ರ್ಯಾಂಕ್) ಒಂದೇ ಕ್ರ್ಯಾಂಕ್‌ಪಿನ್‌ಗೆ ಕೂತಿರುತ್ತವೆ. ಹಾಗಾಗಿ ಒಂದು ಸಿಲಿಂಡರ್ ಸಿಡಿದು ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದು, ಆಮೇಲೆ 405 ಡಿಗ್ರಿ ಕಾದು ಮತ್ತೆ ಮೊದಲನೆಯದು. ತಾಳ ಸಮ ಇಲ್ಲ. ಐಡಲ್‌ನಲ್ಲಿ ನಿಲ್ಲಿಸಿ ಕೇಳು, ದಡ್-ದಡ್, ಒಂದು ತಡೆ, ಮತ್ತೆ ದಡ್-ದಡ್.

ಜಪಾನಿನವರೂ 80ರ ದಶಕದಲ್ಲಿ ವಿರಾಗೊ, ಶಾಡೋ, ವಲ್ಕನ್ ಅನ್ನುವ ಮಾಡೆಲ್ ತಂದು ಇದೇ ದಾರಿಗೆ ಬಂದರು. 1983ರಲ್ಲಿ ಅಮೆರಿಕ 700 ಸಿಸಿ ಮೀರಿದ ಆಮದು ಬೈಕುಗಳಿಗೆ ಭಾರಿ ಸುಂಕ ಜಡಿಯಿತು. ಜಪಾನಿನವರು ಬಿಡುತ್ತಾರಾ? 750 ಎಂಜಿನ್ನುಗಳನ್ನೇ 700ರ ಒಳಗೆ ಇಳಿಸಿ ಕಳಿಸಿದರು!

ಬಾಬರ್ ಅಂದರೆ ಬೇಡದ್ದನ್ನೆಲ್ಲಾ ಕಿತ್ತ ಬೈಕ್. ಮುಂದಿನ ಮಡ್‌ಗಾರ್ಡ್ ತೆಗೆದು, ಹಿಂದಿನದನ್ನು ಕತ್ತರಿಸಿ ಹಗುರ ಮಾಡುತ್ತಿದ್ದರು. ಸಾಮಾನ್ಯವಾಗಿ ಒಂದೇ ಸೀಟು. ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಪ್ಲಾನ್ ಇದ್ದರೆ ಇದನ್ನು ಮರೆತುಬಿಡು. ಚಾಪರ್‌ನಲ್ಲಿ ಫ್ರೇಮನ್ನೇ ಕತ್ತರಿಸಿ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಉದ್ದ ಮಾಡಿ ಮುಂದಕ್ಕೆ ಚಾಚಿರುತ್ತಾರೆ. ನೇರ ರಸ್ತೆಯಲ್ಲಿ ಗಟ್ಟಿ, ಯು-ಟರ್ನ್‌ನಲ್ಲಿ ಬೆವರಿಳಿಸುತ್ತದೆ. ನನಗಂತೂ ಅದು ಓಡಿಸುವುದಕ್ಕಿಂತ ನೋಡುವುದಕ್ಕೇ ಚೆಂದ.

ಬ್ಯಾಗರ್ ಅಂದರೆ ಎರಡೂ ಕಡೆ ಗಟ್ಟಿ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಫೇರಿಂಗ್. ಇನ್ನೂ ಮುಂದೆ ಹೋದರೆ ಹೋಂಡಾ ಗೋಲ್ಡ್ ವಿಂಗ್ ಥರದ, ದೂರದ ಪ್ರಯಾಣದ ಟೂರರ್. ಅದು ಎಷ್ಟು ಭಾರ ಅಂದರೆ 1988ರಲ್ಲೇ ರಿವರ್ಸ್ ವ್ಯವಸ್ಥೆ ಕೊಟ್ಟರು. ಸುಮ್ನೆ ಅಲ್ಲ, ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದರೆ ಕಾಲಲ್ಲಿ ಹಿಂದಕ್ಕೆ ತಳ್ಳಲು ಆಗುವುದಿಲ್ಲ.

ಪವರ್ ಕ್ರೂಸರ್ ನಿನಗೆ ಬೇಡ. 1985ರ ವಿ-ಮ್ಯಾಕ್ಸ್, ಈಗಿನ ಡಿಯಾವೆಲ್, 2458 ಸಿಸಿಯ ರಾಕೆಟ್ 3, ಇವೆಲ್ಲಾ ಆ ಜಾತಿ. ಮೊದಲ ಕ್ರೂಸರ್‌ಗೆ ಅಷ್ಟು ಶಕ್ತಿ ಯಾಕೆ?

ಚಿಕ್ಕಮ್ಮ ಗಿಡ್ಡ ಇರುವವರಿಗೆ ಆಗುತ್ತದಾ ಅಂತ ಕೇಳಿದ್ದರು. ಆಗುತ್ತದೆ ಚಿಕ್ಕಮ್ಮ. ಹೋಂಡಾ ರೆಬೆಲ್ 500ರ ಸೀಟಿನ ಎತ್ತರ 690 ಮಿ.ಮೀ., ಪೆಗ್ ಕೂಡ ಹೆಚ್ಚು ಮುಂದಿಲ್ಲ. ಆದರೆ ಸೀಟು ತಗ್ಗಾಗಿದೆ ಅಂತ ಬೈಕ್ ಹಗುರ ಅಂದುಕೊಳ್ಳಬೇಡಿ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಸೀಟು 740 ಮಿ.ಮೀ. ಅಷ್ಟೇ, ತೂಕ 241 ಕೆಜಿ. ಅದೇ ಕಂಪನಿಯ ಮೀಟಿಯರ್ 350 ಸೀಟು ಅದಕ್ಕಿಂತ ಎತ್ತರ, 765. ತೂಕ ಮಾತ್ರ ಸುಮಾರು 50 ಕೆಜಿ ಕಡಿಮೆ.

ಇನ್ನೊಂದು ಹೇಳಲು ಮರೆಯುತ್ತಿದ್ದೆ. ತಿರುವಿನಲ್ಲಿ ಜಾಸ್ತಿ ವಾಲಿಸಿದರೆ ಪೆಗ್ ರಸ್ತೆಗೆ ಉಜ್ಜುತ್ತದೆ. ಗಾಬರಿ ಬೇಡ, ಪೆಗ್ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆದರೆ ಅದಕ್ಕಿಂತ ಜಾಸ್ತಿ ವಾಲಿಸಬೇಡ, ಆಮೇಲೆ ಫ್ರೇಮೇ ರಸ್ತೆಗೆ ತಾಗುತ್ತದೆ.

ಶೋರೂಮಿಗೆ ಹೋದಾಗ ಹತ್ತು ನಿಮಿಷ ಕೂತೇ ಇರು. ಹ್ಯಾಂಡಲ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಹೊರಗಿನ ಕೈ ಎಟಕುತ್ತದಾ ನೋಡು. ಆಮೇಲೆ ಕೂತಲ್ಲಿಂದಲೇ ಕಾಲಲ್ಲಿ ಹಿಂದಕ್ಕೆ ತಳ್ಳು. ಇಷ್ಟು ಮಾಡಿ ಯಾವುದು ಇಷ್ಟ ಆಯಿತು ಅಂತ ಇಲ್ಲೇ ಗ್ರೂಪಲ್ಲಿ ಹಾಕು.