ಕೋಲ್ಡ್ ಸ್ಟೋರೇಜ್‌ಗೆ ಅಮೋನಿಯಾ ಡಿಟೆಕ್ಟರ್: ಒಂದೇ ಸಾಕಾ?

ಬ್ಯಾಡಗಿ ಆಪರೇಟರ್:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಶಿಫ್ಟ್ ಆಪರೇಟರ್ ಆಗಿದ್ದೇನೆ. ನಾಲ್ಕು ಚೇಂಬರ್, ಪೂರ್ತಿ ಮೆಣಸಿನಕಾಯಿ ಚೀಲ, ತಂಪು ಮಾಡುವುದು ಅಮೋನಿಯಾ ಗ್ಯಾಸ್‌ನ ಪ್ಲಾಂಟ್. ಇಲ್ಲಿವರೆಗೆ ಸೋರಿಕೆ ಹಿಡಿಯುವುದು ನಮ್ಮ ಮೂಗು, ಆಮೇಲೆ ಗಂಧಕದ ಬತ್ತಿ (ಹಚ್ಚಿ ಹಿಡಿದರೆ ಸೋರಿಕೆ ಇರುವಲ್ಲಿ ಬಿಳಿ ಹೊಗೆ ಏಳುತ್ತದೆ). ಹೋದ ತಿಂಗಳು ಆಯಿಲ್ ತೆಗೆಯುವಾಗ ವಾಲ್ವ್ ಗ್ಲ್ಯಾಂಡ್‌ನಿಂದ ಗ್ಯಾಸ್ ಬಂತು. ಹೆಲ್ಪರ್ ಹುಡುಗ ಕಣ್ಣು ಬಿಡಲಾಗದೆ ಗೋಡೆ ತಡವಿಕೊಂಡು ಹೊರಗೆ ಬಂದ. ಅವತ್ತಿನಿಂದ ರಾತ್ರಿ ಪಾಳಿ ಅಂದರೆ ನನಗೆ ಹೆದರಿಕೆ.

ಸಾಹುಕಾರರು ಎರಡು ಕೊಟೇಶನ್ ತರಿಸಿದ್ದಾರೆ. ಒಂದರಲ್ಲಿ ಮಷಿನ್ ರೂಮಿಗೆ ಮಾತ್ರ ಸೆನ್ಸರ್. ಇನ್ನೊಂದರಲ್ಲಿ ಚೇಂಬರ್‌ಗಳಿಗೂ ಒಂದೊಂದು, ರೇಟು ಜಾಸ್ತಿ. ಮೊದಲನೆಯವರು ಒಂದೇ ಸಾಕು ಅನ್ನುತ್ತಾರೆ. ನಿಜಾನಾ?

ಹಳೇ ಪ್ಲಾಂಟಿನವ:
ತಮ್ಮಾ, ಮೂಗನ್ನು ನಂಬಬೇಡ. ದಿನಾ ಅದೇ ವಾಸನೆಯಲ್ಲಿ ಇದ್ದರೆ ಅದು ಗೊತ್ತೇ ಆಗುವುದಿಲ್ಲ.

ಆದರೆ ಡಿಟೆಕ್ಟರನ್ನೂ ಕಣ್ಣು ಮುಚ್ಚಿ ನಂಬಬೇಡ. ನಮ್ಮಲ್ಲಿ ಹಾಕಿಸಿ ಮೂರು ವರ್ಷ ಆಗಿತ್ತು. ಡಿಸ್‌ಪ್ಲೇಯಲ್ಲಿ ಯಾವಾಗಲೂ 0. ಒಂದು ಬೆಳಗ್ಗೆ ಕಂಪ್ರೆಸರ್ ಶಾಫ್ಟ್ ಸೀಲ್ ಹತ್ತಿರ ಗಂಧಕದ ಬತ್ತಿ ಹಿಡಿದೆ. ಬೆಳ್ಳಗೆ ದಟ್ಟ ಹೊಗೆ ಎದ್ದಿತು. ತಲೆ ಎತ್ತಿ ನೋಡಿದರೆ ಸೆನ್ಸರ್ ಸರಿಯಾಗಿ ಮೇಲೇ ಇದೆ, ಡಿಸ್‌ಪ್ಲೇ ಮಾತ್ರ ಇನ್ನೂ 0. ಒಳಗಿನ ಸೆಲ್ ಯಾವಾಗಲೋ ಸತ್ತಿತ್ತು. ಎಷ್ಟು ದಿನದಿಂದ ಅಂತ ಇವತ್ತಿಗೂ ಗೊತ್ತಿಲ್ಲ.

ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಸಣ್ಣ ಸೋರಿಕೆಯನ್ನೂ ಹಿಡಿಯುತ್ತದೆ, ಅದನ್ನೇ ತಗೋ. ಅದರ ಸೆಲ್ ಬಾಳುವುದು ಸುಮಾರು ಎರಡು ಮೂರು ವರ್ಷ. ದಿನಾ ಸ್ವಲ್ಪ ಸ್ವಲ್ಪ ಗ್ಯಾಸ್ ತಗಲುತ್ತಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಆಗ ಸುಮ್ನೆ 0 ತೋರಿಸುತ್ತಾ ಕೂರಬಹುದು. ಅದಕ್ಕೇ ಮೊದಲು ಬದಲಿ ಸೆಲ್ ರೇಟು ಕೇಳು. ಟೆಸ್ಟ್ ಗ್ಯಾಸ್ ತಂದು ಪರೀಕ್ಷೆ ಮಾಡಿಕೊಡುವವರು ಯಾರು, ವರ್ಷಕ್ಕೆ ಎಷ್ಟು ಸಲ ಅಂತ ಬರೆಸಿಕೋ.

ಚೇಂಬರ್‌ಗೂ ಬೇಕೇ ಬೇಕು. ಅಮೋನಿಯಾ ಹರಿಯುವ ಕಾಯಿಲ್ ಇರುವುದು ಅಲ್ಲೇ, ಹಮಾಲರು ಚೀಲ ಹೊರುವುದೂ ಅಲ್ಲೇ. ಮಷಿನ್ ರೂಮಿನ ಸೆನ್ಸರಿಗೆ ಅಲ್ಲಿಯದು ಹೇಗೆ ಗೊತ್ತಾಗಬೇಕು?

ಅಮೋನಿಯಾ ಗಾಳಿಗಿಂತ ಹಗುರ, ಹಾಗಾಗಿ ಸೆನ್ಸರ್ ಮೇಲೆ ಇರಲಿ. ಹೂಟರ್, ಡಿಸ್‌ಪ್ಲೇ ಎರಡೂ ಬಾಗಿಲ ಹೊರಗೂ ಇರಬೇಕು. 25 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಗ್ಯಾಸ್) ಅಲಾರಂ, 150ಕ್ಕೆ ಎಕ್ಸಾಸ್ಟ್ ಫ್ಯಾನ್ ತಾನಾಗಿ ಓಡಲಿ. 300 ಅಂದರೆ ಜೀವಕ್ಕೇ ಅಪಾಯ.

ಹುಬ್ಬಳ್ಳಿ ಐಸ್‌ಕ್ರೀಂ ಗೋಡೌನ್:
ಅಮೋನಿಯಾ ಬದಲು ಫ್ರಿಯಾನ್ ಗ್ಯಾಸ್‌ನಿಂದ ತಂಪು ಮಾಡುವವರು ಇದನ್ನು ಓದಿ ಸೆನ್ಸರ್ ಮೇಲೆ ಹಾಕಿಸಬೇಡಿ. ನಮ್ಮದು ಆರ್-404ಎ ಅನ್ನುವ ಅಂಥದೇ ಗ್ಯಾಸ್. ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ, ಮೂಗಿಗೂ ಗೊತ್ತಾಗುವುದಿಲ್ಲ. ನಮ್ಮ ಇನ್‌ಫ್ರಾರೆಡ್ ಸೆನ್ಸರ್ ನೆಲದಿಂದ ಒಂದಡಿ ಎತ್ತರದಲ್ಲಿದೆ.

ಬ್ಯಾಡಗಿ ಆಪರೇಟರ್:
ಅಣ್ಣಾ, ನಮ್ಮಲ್ಲಿ ಮೆಣಸಿನಕಾಯಿ ಧೂಳು ಜಾಸ್ತಿ. ಸೆನ್ಸರ್ ಕಟ್ಟಿಕೊಳ್ಳಲ್ವಾ?

ಹಳೇ ಪ್ಲಾಂಟಿನವ:
ಕಟ್ಟಿಕೊಳ್ಳುತ್ತದೆ. ಬಿಚ್ಚಿ ತೊಳೆಯುವ ಇಲ್ಲವೇ ಬದಲಿಸುವ ಫಿಲ್ಟರ್ ಇರುವುದನ್ನೇ ಕೇಳು. ಬಾಗಿಲ ಹತ್ತಿರ ಹಾಕಿಸಬೇಡ, ಹೊರಗಿನ ಬಿಸಿ ಗಾಳಿ ಬಂದು ನೀರು ಕೂರುತ್ತದೆ. ಫಿಟಿಂಗ್‌ನಲ್ಲಿ ಹಿತ್ತಾಳೆ, ತಾಮ್ರ ಬೇಡ. ಅಮೋನಿಯಾ ಅದನ್ನು ತಿಂದುಬಿಡುತ್ತದೆ.

ಬ್ಯಾಡಗಿ ಆಪರೇಟರ್:
ಸಾಹುಕಾರರಿಗೆ ಓದಿ ಹೇಳಿದೆ. ಎರಡನೇ ಕೊಟೇಶನ್‌ನಲ್ಲೂ ಡಿಸ್‌ಪ್ಲೇ ಮಷಿನ್ ರೂಮಿನ ಒಳಗೇ ಇದೆ. ಹೊರಗೂ ಒಂದು ಹಾಕಿಕೊಡಿ ಅಂತ ನಾಳೆ ಫೋನ್ ಮಾಡುತ್ತೇನೆ. ಸೆಲ್ ರೇಟೂ ಕೇಳುತ್ತೇನೆ.